ಬಿದ್ದ ಗೋಲ್‌ಪೋಸ್ಟಿನ ಎರಡು ವರದಿಗಳು

ಗೋಲ್‌ಪೋಸ್ಟ್ ಬಿದ್ದಾಗ ನಾನು ಮೈದಾನದಲ್ಲಿರಲಿಲ್ಲ. ಮೊದಲ ಮಹಡಿಯ ಲ್ಯಾಬಿನಲ್ಲಿ ಹತ್ತನೇ ತರಗತಿಯವರು ಬಳಸಿದ ದರ್ಪಣಗಳನ್ನು ಒರೆಸಿ ಡಬ್ಬಕ್ಕೆ ಹಾಕುತ್ತಿದ್ದೆ. ಕಬ್ಬಿಣದ ಪೈಪು ನೆಲಕ್ಕೆ ಬಿದ್ದ ಸದ್ದಾಯಿತು. ಪಕ್ಕದ ಕಲ್ಯಾಣ ಮಂಟಪದವರು ಶಾಮಿಯಾನದ ಕಂಬ ಇಳಿಸುತ್ತಿರಬೇಕು ಅಂದುಕೊಂಡೆ. ಚಾಮರಾಜಪೇಟೆಯ ನಮ್ಮ ಶಾಲೆಗೂ ಆ ಮಂಟಪಕ್ಕೂ ನಡುವೆ ಇರುವುದು ಒಂದೇ ಗೋಡೆ. ಅಂಥ ಸದ್ದು ವಾರಕ್ಕೆ ಎರಡು ಸಲವಾದರೂ ಇದ್ದದ್ದೇ. ಆಮೇಲೆ ಮಕ್ಕಳು ಕಿರುಚಿದ್ದು ಕೇಳಿಸಿತು.

ನಾನು ಇಳಿದು ಹೋಗುವಷ್ಟರಲ್ಲಿ ಪಿ.ಟಿ. ಮಾಸ್ಟರು, ಅಟೆಂಡರು, ಇನ್ನಿಬ್ಬರು ಮೇಷ್ಟ್ರು ಸೇರಿ ಕ್ರಾಸ್‌ಬಾರನ್ನು ಎತ್ತಿ ಹಿಡಿದಿದ್ದರು. ಅದರಡಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿ, ನಮ್ಮ ತಂಡದ ಗೋಲ್‌ಕೀಪರ್, ಅಂಗಾತ ಬಿದ್ದಿದ್ದಳು. ಎಡಗಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಬಲೆ ಅವಳ ಶೂಗೆ ಸಿಕ್ಕಿಕೊಂಡು ಕಾಲನ್ನು ಎಳೆಯುತ್ತಿತ್ತು. ಯಾರೋ ಕತ್ತರಿ ತಂದುಕೊಟ್ಟರು. ಲೇಸಿಗೆ ಕತ್ತರಿ ಹಾಕಲು ಹೋದೆ.

"ಮಿಸ್, ಶೂ ಕತ್ತರಿಸ್ಬೇಡಿ," ಅಂದಳು. "ಅದು ನಂದಲ್ಲ."

ಬಲೆಯನ್ನೇ ಕತ್ತರಿಸಿದೆ. ಆಂಬ್ಯುಲೆನ್ಸ್ ಬರುವವರೆಗೆ ಅವಳು ಅಳಲಿಲ್ಲ. ಅವಳ ತಲೆ ಹಿಡಿದುಕೊಂಡಿದ್ದ ಪಿ.ಟಿ. ಮಾಸ್ಟರು ಅಳುತ್ತಿದ್ದರು. ಕಾಲಿನ ಎರಡೂ ಮೂಳೆ ಮುರಿದಿದ್ದವು. ಆಪರೇಷನ್ ಮಾಡಿ ರಾಡ್ ಹಾಕಿದರು. ನಡೆಯುತ್ತಾಳೆ, ಆದರೆ ಗೋಲಿನ ಮುಂದೆ ಎಗರುವುದನ್ನು ಮರೆತುಬಿಡಿ ಎಂದು ಡಾಕ್ಟರು ಅವಳ ತಾಯಿಗೆ ಹೇಳಿದರಂತೆ. ಜಿಲ್ಲಾ ತಂಡದ ಆಯ್ಕೆಗೆ ಅವಳ ಹೆಸರು ಹೋಗಿ ಹದಿನೈದು ದಿನವೂ ಆಗಿರಲಿಲ್ಲ.

ಆ ತಿಂಗಳು ಒಂಬತ್ತನೇ ತರಗತಿಗೆ ನಾನು ಕಲಿಸುತ್ತಿದ್ದ ಪಾಠ ಬಲ ಮತ್ತು ಚಲನೆಯ ನಿಯಮಗಳು. ಪುಸ್ತಕದಲ್ಲಿ ಗಾಡಿ, ಬಂದೂಕು, ದೋಣಿಯ ಉದಾಹರಣೆಗಳಿವೆ. ತರಗತಿಯಲ್ಲಿ ಏಳು ಜನ ಫುಟ್‌ಬಾಲ್ ಆಡುವವರಿದ್ದರು ಎಂದು ನಾನು ಚೆಂಡನ್ನೇ ತಂದು ಮೇಜಿನ ಮೇಲಿಟ್ಟೆ. ಒದೆಯದೆ ಅದು ಹಂದುವುದಿಲ್ಲ, ತಡೆಯದೆ ನಿಲ್ಲುವುದಿಲ್ಲ. ಜೋರಾಗಿ ಒದ್ದಷ್ಟೂ ಅದರ ವೇಗ ಹೆಚ್ಚು ಬದಲಾಗುತ್ತದೆ. ಕಾಲು ಚೆಂಡನ್ನು ಎಷ್ಟು ಬಲದಿಂದ ತಳ್ಳುತ್ತದೋ ಚೆಂಡೂ ಕಾಲನ್ನು ಅಷ್ಟೇ ಬಲದಿಂದ ತಳ್ಳುತ್ತದೆ. ಇಷ್ಟು ಹೇಳುವಾಗ ಈ ಹುಡುಗಿ ಎದ್ದು ನಿಂತು ಕೇಳಿದ್ದಳು: "ಮಿಸ್, ಜೋರಾಗಿ ಬರೋ ಬಾಲ್ ಹಿಡೀವಾಗ ಕೈ ಹಿಂದಕ್ಕೆ ತಗೊಂಡ್ರೆ ನೋವಾಗಲ್ಲ. ಬಾಲ್ ಅದೇ ಬಾಲು, ಸ್ಪೀಡ್ ಅದೇ ಸ್ಪೀಡು. ಹಾಗಾದ್ರೆ ಬಲ ಎಲ್ಲಿಗೆ ಹೋಯ್ತು?" ಬಲ ಎಲ್ಲಿಗೂ ಹೋಗಲಿಲ್ಲ, ನಿಲ್ಲಿಸುವ ಹೊತ್ತನ್ನು ನೀನು ಹೆಚ್ಚು ಮಾಡಿದೆ, ಅದಕ್ಕೇ ಬಲ ಕಡಿಮೆ ಸಾಕಾಯಿತು ಎಂದೆ. ಅವಳು ಗಾಳಿಯಲ್ಲಿ ಕೈ ಚಾಚಿ, ಎದೆಗೆ ಎಳೆದುಕೊಂಡು, ತಲೆಯಾಡಿಸಿ ಕೂತಳು. ಹಾಗೆ ಕೈಯಿಂದ ಅರ್ಥ ಮಾಡಿಕೊಳ್ಳುವ ಮಕ್ಕಳು ವರ್ಷಕ್ಕೊಬ್ಬರೂ ಸಿಗುವುದಿಲ್ಲ.

ಮಾರನೆಯ ದಿನ ಹೆಡ್‌ಮಾಸ್ಟರು ನನ್ನನ್ನು ಕರೆಸಿದರು. ಆಡಳಿತ ಮಂಡಳಿಯ ಕಾರ್ಯದರ್ಶಿಗಳೂ ಅಲ್ಲಿ ಕೂತಿದ್ದರು.

"ಇಲಾಖೆಗೆ ವರದಿ ಕಳಿಸ್ಬೇಕು ಮೇಡಂ," ಅಂದರು ಹೆಡ್‌ಮಾಸ್ಟರು. "ಪೋಸ್ಟ್ ಯಾಕೆ ಬಿತ್ತು ಅಂತ. ನಾನು ಬರೆದ್ರೆ ಆಡಳಿತದ ಮಾತು ಅಂತಾರೆ. ನೀವು ಫಿಸಿಕ್ಸ್‌ನೋರು, ನೀವು ಬರೆದ್ರೆ ತೂಕ ಇರುತ್ತೆ."

"ಹುಡುಗಿ ಬಾರ್ ಹಿಡ್ಕೊಂಡಿದ್ಲಂತೆ," ಅಂದರು ಕಾರ್ಯದರ್ಶಿಗಳು. ದನಿ ಮೃದುವಾಗಿತ್ತು. "ಅವಳೇ ಆಸ್ಪತ್ರೇಲಿ ಹೇಳಿದಾಳೆ. ಸುಳ್ಳು ಬರೀರಿ ಅಂತ ನಾವು ಹೇಳ್ತಿಲ್ಲ. ಆಗಿದ್ದು ಬರೀರಿ."

ನಾನು ಸ್ಟಾಫ್ ರೂಮಿಗೆ ಹೋಗಿ ಅರ್ಧ ಗಂಟೆಯಲ್ಲಿ ಬರೆದೆ. ಅದರ ಮುಖ್ಯ ವಾಕ್ಯ ಇದು: "ಗೋಲ್‌ಕೀಪರ್ ಕ್ರಾಸ್‌ಬಾರನ್ನು ಹಿಡಿದಾಗ ಅದರ ಮೇಲೆ ಬಿದ್ದ ಬಲದಿಂದ ಗೋಲ್‌ಪೋಸ್ಟ್ ಸಮತೋಲನ ತಪ್ಪಿ ಮುಂದಕ್ಕೆ ಉರುಳಿತು." ಸಹಿ ಹಾಕಿ ಕೊಟ್ಟೆ.

ಆ ವಾಕ್ಯದಲ್ಲಿ ಸುಳ್ಳಿಲ್ಲ. ಯಾವ ಪುಸ್ತಕ ಹಿಡಿದು ನೋಡಿದರೂ ಅದು ಸರಿ. ಅದನ್ನು ಯಾತಕ್ಕೆ ಬಳಸುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ ಎಂದು ಹೇಳಿದರೆ ಮಾತ್ರ ಅದು ಸುಳ್ಳು.

ಗುರುವಾರದ ಅಸೆಂಬ್ಲಿಯಲ್ಲಿ ಹೆಡ್‌ಮಾಸ್ಟರು ಆ ವಾಕ್ಯವನ್ನು ಮೈಕಿನಲ್ಲಿ ಓದಿದರು. "ನಮ್ಮ ವಿಜ್ಞಾನ ಶಿಕ್ಷಕಿಯವರೇ ಪರಿಶೀಲಿಸಿ ಬರೆದಿದ್ದಾರೆ" ಎಂದರು. ಅಲ್ಲಿಂದ ಶಿಸ್ತಿನ ಬಗ್ಗೆ ಹತ್ತು ನಿಮಿಷ. ಶಾಲೆಯ ವಸ್ತುಗಳನ್ನು ಹಿಡಿದು ಜೋತಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದು ಪಾಠವಾಗಲಿ. ನಾನು ಬರೆದ "ಹಿಡಿದಾಗ" ಅನ್ನುವ ಪದ ಮೈಕಿನಿಂದ ಹೊರಬರುವಾಗ "ಜೋತಾಡಿದಾಗ" ಆಗಿತ್ತು. ಸಾಲಿನಲ್ಲಿ ನಿಂತಿದ್ದ ಅವಳ ತಂಡದ ಹುಡುಗಿಯರು ನನ್ನ ಕಡೆ ನೋಡಿದರು. ನಾನು ಧ್ವಜದ ಕಂಬ ನೋಡುತ್ತ ನಿಂತೆ.

ಆ ದಿನ ಮಧ್ಯಾಹ್ನ ಪಿ.ಟಿ. ಮಾಸ್ಟರು ಲ್ಯಾಬಿಗೆ ಬಂದರು. ಅವರದು ಕಾಂಟ್ರ್ಯಾಕ್ಟ್ ಕೆಲಸ. ಬೇಸಿಗೆ ರಜೆಗೆ ಮುಂಚೆ ಪ್ರತಿ ವರ್ಷ ಹೊಸ ಆರ್ಡರ್ ಬರಬೇಕು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಅವರು ಬಾಗಿಲ ಹತ್ತಿರವೇ ನಿಂತರು.

"ಎಷ್ಟು ಬಲ ಅಂತ ನೀವು ಬರೀಲಿಲ್ಲ ಮೇಡಂ," ಅಂದರು.

"ಏನು?"

"ಬಲದಿಂದ ಬಿತ್ತು ಅಂತ ಬರೆದ್ರಿ. ಬೀಳೋದಕ್ಕೆ ಎಷ್ಟು ಬಲ ಬೇಕಿತ್ತು, ಅವಳು ಹಾಕಿದ್ದು ಎಷ್ಟು, ಅದು ಬರೀಲಿಲ್ಲ. ಮಕ್ಕಳು ಉತ್ತರದಲ್ಲಿ ಸಂಖ್ಯೆ ಬಿಟ್ರೆ ನೀವು ಮಾರ್ಕ್ಸ್ ಕಟ್ ಮಾಡ್ತೀರಂತೆ."

ನಾನು ಕೂರಲು ಹೇಳಿದೆ. ಆಗ ಗೂಟಗಳ ವಿಷಯ ಗೊತ್ತಾಯಿತು. ಆ ಪೋಸ್ಟನ್ನು ಎಲ್ಲಿಗೆ ಬೇಕಾದರೂ ಸರಿಸಬಹುದಾದಂತೆ ವೆಲ್ಡಿಂಗ್ ಮಾಡಿಸಿದ್ದರು. ಹಿಂದಿನ ಪೈಪಿಗೆ ನಾಲ್ಕು ಕಬ್ಬಿಣದ ಗೂಟ ಬಡಿದು ನೆಲಕ್ಕೆ ಕಚ್ಚಿಸಿರುತ್ತಿದ್ದರು. ಭಾನುವಾರ ಪಕ್ಕದ ಮಂಟಪದಲ್ಲಿ ಮದುವೆ. ಮದುವೆಗೆ ಬರುವವರ ಕಾರುಗಳು ನಿಲ್ಲುವುದು ನಮ್ಮ ಮೈದಾನದಲ್ಲಿ. ಗೂಟ ಟೈರಿಗೆ ಚುಚ್ಚುತ್ತದೆ ಎಂದು ಶನಿವಾರ ಸಂಜೆ ಅವನ್ನು ಕಿತ್ತು, ಪೋಸ್ಟನ್ನು ಚರಂಡಿ ಪಕ್ಕದ ಮೂಲೆಗೆ ಸರಿಸಿದರು. ಸೋಮವಾರ ಮಂಟಪದವರ ಪಾತ್ರೆಯ ಲಾರಿ ಇನ್ನೂ ಮೈದಾನದ ಮಧ್ಯದಲ್ಲೇ ನಿಂತಿತ್ತು. ಹಾಗಾಗಿ ಮಕ್ಕಳು ಮೂಲೆಯಲ್ಲೇ ಆಡಿದರು.

"ನೀವು ಹೇಳಲಿಲ್ವಾ?" ಎಂದೆ.

"ಗೂಟ ಹಾಕ್ದೆ ಆಡಿಸಲ್ಲ ಅಂದೆ. ಹೆಡ್‌ಮಾಸ್ಟರು ಆಯ್ಕೆ ಹತ್ರ ಬಂತು, ಪ್ರಾಕ್ಟೀಸ್ ನಿಲ್ಲಿಸ್ಬೇಡಿ ಅಂದ್ರು. ನಾನೂ ಆಡಿಸಿದೆ ಮೇಡಂ. ಅದು ನನ್ನ ತಪ್ಪೇ. ಆದ್ರೆ ಅವಳದಲ್ಲ."

ಅಳತೆ ಮಾಡಬೇಕು ಎಂದು ನಾನು ನಿರ್ಧರಿಸಿದ್ದು ಆಗ. ಮಾಡುವುದು ಅಷ್ಟು ಸುಲಭವಾಗಿರಲಿಲ್ಲ. ನಮ್ಮ ಲ್ಯಾಬಿನ ಸ್ಪ್ರಿಂಗ್ ತಕ್ಕಡಿ ಒಂದು ಕೆಜಿಗೆ ನಿಂತುಹೋಗುತ್ತದೆ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಅಕ್ಕಿಪೇಟೆಗೆ ನಡೆದುಹೋದೆ. ಅಲ್ಲೊಂದು ಅಕ್ಕಿ ಮಂಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯ ತಂದೆ ಕೂರುತ್ತಾರೆ. ಮೂಟೆ ನೇತುಹಾಕಿ ತೂಗುವ ಕೊಕ್ಕೆಯ ತಕ್ಕಡಿ, ಐವತ್ತು ಕೆಜಿಯದು, ಎರಡು ದಿನಕ್ಕೆ ಕೇಳಿದೆ. ಯಾಕೆ ಎಂದು ಅವರು ಕೇಳಲಿಲ್ಲ. ನನ್ನೆದುರಿಗೇ ಅದಕ್ಕೆ ಹತ್ತು ಕೆಜಿಯ ಕಲ್ಲು ಹಾಕಿ, "ಸರಿಯಾಗಿದೆ ನೋಡ್ಕೊಳ್ಳಿ" ಎಂದು ಕೊಟ್ಟರು. ಗಾರೆ ಕೆಲಸದವರು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಮಾಮೂಲ್‌ಪೇಟೆಯಲ್ಲಿ ಕೊಂಡೆ.

ಶನಿವಾರ ಮಧ್ಯಾಹ್ನ ಶಾಲೆ ಖಾಲಿಯಾದ ಮೇಲೆ ಪಿ.ಟಿ. ಮಾಸ್ಟರು, ಅಟೆಂಡರು, ನಾನು ಮೈದಾನಕ್ಕಿಳಿದೆವು. ವಾಚ್‌ಮನ್ ಬಂದು ಕಾರುಗಳು ಬರುವ ಹೊತ್ತಾಯಿತು ಎಂದ. ಒಂದು ಗಂಟೆ ಕೊಡಪ್ಪ ಎಂದೆ. ಅವನು ಗೇಟಿಗೆ ಬೀಗ ಹಾಕಿ, ಬೀಗದ ಕೈ ಕಳೆದುಕೊಂಡವನಂತೆ ಕೂತುಕೊಂಡ.

ಮೊದಲು ನೆಲ. ಪೋಸ್ಟ್ ಬಿದ್ದ ಜಾಗದಲ್ಲಿ ಅದರ ಗುರುತು ಇನ್ನೂ ಇತ್ತು. ಪೈಪಿಗೆ ನೀರು ತುಂಬಿ ಎರಡು ತುದಿ ಹಿಡಿದು ನೋಡಿದರೆ, ಒಂದು ಮೀಟರ್ ಉದ್ದಕ್ಕೆ ಐದು ಸೆಂಟಿಮೀಟರ್ ಇಳಿಜಾರು, ಅದೂ ಮುಂದಕ್ಕೆ. ಮಳೆನೀರು ಹರಿದುಹೋಗಲಿ ಎಂದು ಮಾಡಿದ ಇಳಿಜಾರು.

ಆಮೇಲೆ ಪೋಸ್ಟು. ಅದನ್ನು ಎತ್ತಿ ತಂದು ಅದೇ ಗುರುತಿನ ಮೇಲೆ ನಿಲ್ಲಿಸಿದೆವು. ಎರಡು ಮೀಟರ್ ಎತ್ತರ. ಒಟ್ಟು ಎಂಬತ್ತು ಕೆಜಿಯ ಹತ್ತಿರ ಇರಬಹುದು, ಆದರೆ ಆ ಭಾರವೆಲ್ಲ ಎರಡು ಕಂಬ ಮತ್ತು ಕ್ರಾಸ್‌ಬಾರಿನಲ್ಲೇ ಇದೆ. ಹಿಂದಕ್ಕೆ ಚಾಚಿದ ಪೈಪು ತೆಳು, ಉದ್ದ ಮುಕ್ಕಾಲು ಮೀಟರ್ ಅಷ್ಟೆ. ಗುರುತ್ವ ಕೇಂದ್ರ ಮುಂದಿನ ಕಂಬಗಳ ಹಿಂದೆ ಗೇಣಿಗಿಂತ ಕಡಿಮೆ ದೂರದಲ್ಲಿದೆ. ನೆಲ ಮುಂದಕ್ಕೆ ಇಳಿಜಾರಾದರೆ ಆ ದೂರ ಇನ್ನೂ ಕುಗ್ಗುತ್ತದೆ.

ಬಾರಿನ ಮಧ್ಯಕ್ಕೆ ಹಗ್ಗ ಕಟ್ಟಿ, ಹಗ್ಗಕ್ಕೆ ತಕ್ಕಡಿ ಸಿಕ್ಕಿಸಿ, ನಾನು ಬೆಂಚಿನ ಮೇಲೆ ನಿಂತು ಮುಂದಕ್ಕೆ ನೆಟ್ಟಗೆ ಎಳೆಯಬೇಕು. ಪೋಸ್ಟ್ ನಮ್ಮ ಮೇಲೇ ಬೀಳದಂತೆ ಅವರಿಬ್ಬರು ಇನ್ನೊಂದು ಹಗ್ಗವನ್ನು ಸಡಿಲವಾಗಿ ಬಿಟ್ಟುಕೊಂಡು ಹಿಂದೆ ನಿಂತಿರಬೇಕು. ಮೊದಲ ಸಲ ನನ್ನ ಹಗ್ಗ ಜಾರಿತು. ಎರಡನೆಯ ಸಲ ಅವರ ಹಗ್ಗ ಬಿಗಿಯಾಗಿದ್ದರಿಂದ ಲೆಕ್ಕ ತಪ್ಪಿತು. ಮೂರನೆಯ ಸಲ ಮೆಲ್ಲಗೆ ಎಳೆದೆ. ಮುಳ್ಳು ಎರಡು ದಾಟಿತು, ಮೂರು ದಾಟಿತು. ಹಿಂದಿನ ಪೈಪು ನೆಲ ಬಿಟ್ಟಿತು.

"ಎದ್ದಿತು ಮೇಡಂ," ಅಂದರು ಅಟೆಂಡರು.

ಮೂರೂವರೆ ಕೆಜಿ. ಮತ್ತೆ ಮಾಡಿದೆವು: ನಾಲ್ಕಕ್ಕೆ ಸ್ವಲ್ಪ ಕಡಿಮೆ. ಮತ್ತೆ: ಮೂರೂವರೆ. ಪೋಸ್ಟನ್ನು ಮಟ್ಟವಾದ ನೆಲಕ್ಕೆ ಹೊತ್ತುಕೊಂಡು ಹೋಗಿ ಎಳೆದಾಗ ಆರು ಕೆಜಿ ಬೇಕಾಯಿತು. ಇಪ್ಪತ್ತೈದು ಕೆಜಿಯ ನಾಲ್ಕು ಮರಳಿನ ಮೂಟೆಯನ್ನು ಹಿಂದಿನ ಪೈಪಿನ ಮೇಲಿಟ್ಟು, ಅದೇ ಇಳಿಜಾರಿನಲ್ಲಿ ಎಳೆದೆ. ಮುಳ್ಳು ಮೂವತ್ತು ದಾಟಿದರೂ ಅದು ಅಲುಗಲಿಲ್ಲ. ನನ್ನ ಕೈ ಸೋತಿತು.

ಅವಳ ತೂಕ ಮೂವತ್ತೆಂಟು ಕೆಜಿ. ಎಗರಿ ಬಲಗೈಯಿಂದ ಚೆಂಡನ್ನು ಮೇಲಕ್ಕೆ ತಳ್ಳಿ, ಇಳಿಯುವಾಗ ಎಡಗೈಯಿಂದ ಬಾರನ್ನು ಹಿಡಿದಿದ್ದಳು. ಗೋಲ್‌ಕೀಪರುಗಳು ಎಲ್ಲ ಕಡೆ ಮಾಡುವ ಕೆಲಸ. ಬಾರನ್ನು ನೆಟ್ಟಗೆ ಕೆಳಕ್ಕೆ ಎಳೆದರೆ ಆ ಬಲ ಕಂಬಗಳ ಮೂಲಕ ನೆಲಕ್ಕೆ ಹೋಗುತ್ತದೆ, ಪೋಸ್ಟ್ ಬೀಳುವುದಿಲ್ಲ. ಆದರೆ ಅವಳ ಮೈ ಬಾರಿಗಿಂತ ಮುಂದಿತ್ತು, ಕೈ ಓರೆಯಾಗಿ ಎಳೆಯಿತು. ಮೈಭಾರದ ಹತ್ತರಲ್ಲಿ ಒಂದು ಪಾಲು ಮುಂದಕ್ಕೆ ಎಳೆದಿದ್ದರೂ ಸಾಕಿತ್ತು. ಇವೆಲ್ಲ ಮುಗಿದ ಮೇಲೆ ಪಿ.ಟಿ. ಮಾಸ್ಟರು ಸಾಮಾನು ಕೋಣೆಗೆ ಹೋಗಿ ಒಂದು ಗೋಣಿಚೀಲ ತಂದು ನನ್ನ ಮುಂದೆ ಸುರಿದರು. ನಾಲ್ಕು ಗೂಟ, ಮಣ್ಣು ಒಣಗಿ ಅಂಟಿಕೊಂಡಿತ್ತು. ಫೋಟೊ ತೆಗೆದೆ.

ಎರಡನೆಯ ವರದಿ ನಾಲ್ಕು ಪುಟ ಆಯಿತು. ಸೋಮವಾರ ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟೆ. ಅವರು ಕೊನೆಯ ಪುಟ ಮಾತ್ರ ಓದಿದರು. ಅಲ್ಲಿ, ಗೂಟ ಅಥವಾ ಮರಳಿನ ಮೂಟೆ ಇದ್ದಿದ್ದರೆ ಪೋಸ್ಟ್ ಬೀಳುತ್ತಿರಲಿಲ್ಲ, ಗೂಟ ಕಿತ್ತದ್ದು ಕಾರು ನಿಲ್ಲಿಸಲು ಎಂದಿತ್ತು.

"ಮೊದಲನೇದು ಚೆನ್ನಾಗಿತ್ತಲ್ಲ ಮೇಡಂ. ಇದೆಲ್ಲ ಯಾಕೆ?"

"ಮೊದಲನೇದರಲ್ಲಿ ಅಳತೆ ಇರಲಿಲ್ಲ ಸರ್."

ಅವರು ಕೆಟ್ಟ ಮನುಷ್ಯರಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. "ಹುಡುಗಿ ಮೇಲೂ ಬೇಡ, ನಮ್ಮ ಮೇಲೂ ಬೇಡ. ಬಾಲ್ ಬಂದು ಹೊಡೆದಿದ್ದಕ್ಕೆ ಬಿತ್ತು ಅಂತ ಬರೀರಿ. ಬಾಲಿಗೂ ಬಲ ಇರುತ್ತಲ್ವಾ?"

"ಇರುತ್ತೆ ಸರ್. ಆದ್ರೆ ಬಾಲ್ ಮುಂದಿನಿಂದ ಬರುತ್ತೆ. ಬಾರಿಗೆ ಬಡಿದ್ರೆ ಅದನ್ನ ಹಿಂದಕ್ಕೆ ತಳ್ಳುತ್ತೆ. ಪೋಸ್ಟ್ ಬಿದ್ದಿದ್ದು ಮುಂದಕ್ಕೆ. ಒಂಬತ್ತನೇ ಕ್ಲಾಸ್ ಮಕ್ಕಳೂ ಇದನ್ನ ಹೇಳ್ತಾರೆ."

"ಒಂಬತ್ತನೇ ಕ್ಲಾಸ್ ಮಕ್ಕಳು ಶಾಲೆ ನಡೆಸಲ್ಲ," ಅಂದರು. ವರದಿಯನ್ನು ನನ್ನ ಕಡೆಗೇ ಸರಿಸಿದರು.

ಮಾರನೆಯ ದಿನ ಅರ್ಧ ದಿನ ರಜೆ ಹಾಕಿ ಇಲಾಖೆಯ ಕಚೇರಿಗೆ ಹೋದೆ. ಆಡಳಿತ ಮಂಡಳಿಯನ್ನು ದಾಟಿ ಅಲ್ಲಿಗೆ ಹೋಗುವುದು ಅಂದರೆ ಏನು ಎಂದು ಗೊತ್ತಿತ್ತು. ಮೆಟ್ಟಿಲ ಹತ್ತಿರ ಕಾಲು ಗಂಟೆ ನಿಂತಿದ್ದೆ. ಆಮೇಲೆ ಹತ್ತಿ ಹೋಗಿ ಟಪಾಲು ವಿಭಾಗದಲ್ಲಿ ವರದಿ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಂದೆ. ಆ ವಾರವೆಲ್ಲ ಒಳಗೊಳಗೇ ಹಗುರವಾಗಿದ್ದೆ. ಸರಿಯಾದ ಅಳತೆ ಸರಿಯಾದ ಮೇಜು ತಲುಪಿದರೆ ಸಾಕು ಎಂದು ಆಗ ನಂಬಿದ್ದೆ.

ವಿಚಾರಣೆಗೆ ಬಂದ ಅಧಿಕಾರಿ ಹೆಡ್‌ಮಾಸ್ಟರ ಕೋಣೆಯಲ್ಲಿ ಕೂತು ಕಾಫಿ ಕುಡಿಯುತ್ತ ಕಡತ ತೆರೆದರು. ನನ್ನ ಎರಡು ವರದಿಗಳನ್ನೂ ಪಕ್ಕಪಕ್ಕ ಇಟ್ಟರು.

"ಎರಡರಲ್ಲೂ ನಿಮ್ಮ ಸಹಿ ಇದೆ. ಯಾವುದು ನಿಜ ಮೇಡಂ?"

"ಎರಡೂ ನಿಜ ಸರ್. ಮೊದಲನೇದು ಅಪೂರ್ಣ."

"ಅಂದ್ರೆ ಹುಡುಗಿ ಬಾರ್ ಹಿಡಿದಿದ್ದು ನಿಜ."

"ನಿಜ. ಆದ್ರೆ ಯಾರು ಹಿಡಿದ್ರೂ ಬೀಳೋ ಹಾಗೆ ಪೋಸ್ಟ್ ನಿಲ್ಲಿಸಿದ್ರು. ಮೂರೂವರೆ ಕೆಜಿಗೆ ಬೀಳುತ್ತೆ ಸರ್. ಈಗಲೇ ಮೈದಾನಕ್ಕೆ ಬನ್ನಿ, ತೋರಿಸ್ತೀನಿ."

ಅವರು ಕಿಟಕಿಯ ಕಡೆ ನೋಡಿದರು. ಕೆಳಗೆ ಮೈದಾನದಲ್ಲಿ ಪೋಸ್ಟ್ ಇರಲಿಲ್ಲ. ಹಿಂದಿನ ದಿನ ಗುಜರಿಯವನು ಬಂದು ಗ್ಯಾಸ್ ಕಟರ್‌ನಲ್ಲಿ ತುಂಡು ಮಾಡಿ ಸಾಗಿಸಿದ್ದನಂತೆ. ನನಗೆ ಅದು ಆ ಗಳಿಗೆಯಲ್ಲಿ ಗೊತ್ತಾಯಿತು.

"ಮಕ್ಕಳ ಸುರಕ್ಷತೆ ದೃಷ್ಟಿಯಿಂದ ತೆಗೆಸಿದ್ವಿ," ಅಂದರು ಕಾರ್ಯದರ್ಶಿಗಳು. "ಇನ್ನು ನಮ್ಮಲ್ಲಿ ಫುಟ್‌ಬಾಲ್ ಇಲ್ಲ."

ಅಧಿಕಾರಿ ಎರಡನೆಯ ವರದಿಯನ್ನು ಕಡತದ ಕೆಳಗೆ ಸೇರಿಸಿದರು. "ಎರಡೂ ನಿಜ ಅಂತ ನೀವೇ ಹೇಳ್ತಿದ್ದೀರಿ. ಹಾಗಿದ್ರೆ ಮೊದಲನೇದು ಸಾಕಲ್ಲ ಮೇಡಂ," ಅಂದರು. "ಪೋಷಕರು ನಮ್ಮದೇನೂ ದೂರಿಲ್ಲ ಅಂತ ಬರೆದುಕೊಟ್ಟಿದಾರೆ ಬೇರೆ."

ನನಗೆ ಹೊರಗೆ ಹೋಗಬಹುದು ಎಂದರು.

ಬೇಸಿಗೆ ರಜೆಗೆ ಮುಂಚೆ ಪಿ.ಟಿ. ಮಾಸ್ಟರಿಗೆ ಹೊಸ ಆರ್ಡರ್ ಬರಲಿಲ್ಲ. ಅವರು ವಿಷಲ್ ಅನ್ನು ಲ್ಯಾಬಿನ ಮೇಜಿನ ಮೇಲೆ ಬಿಟ್ಟುಹೋದರು. ಕೊಡಲು ಬಂದವರು ನಾನಿಲ್ಲದ್ದನ್ನು ನೋಡಿ ಇಟ್ಟು ಹೋದರೋ, ನಾನಿಲ್ಲದ ಹೊತ್ತು ನೋಡಿಯೇ ಬಂದರೋ ಗೊತ್ತಿಲ್ಲ. ನನ್ನಿಂದ ಹತ್ತನೇ ತರಗತಿಯನ್ನು ಕಿತ್ತುಕೊಂಡು ಆರು, ಏಳನೇ ತರಗತಿಯ ಸಾಮಾನ್ಯ ವಿಜ್ಞಾನ ಕೊಟ್ಟರು. ಸ್ಟಾಫ್ ರೂಮಿನಲ್ಲಿ ಯಾರೂ ನನ್ನೊಂದಿಗೆ ಮಾತು ಬಿಡಲಿಲ್ಲ. ಊಟದ ಡಬ್ಬಿ ತೆರೆದರೆ ಮೊದಲಿನಂತೆ ಉಪ್ಪಿನಕಾಯಿ ಕೊಡುತ್ತಾರೆ. ಪೋಸ್ಟಿನ ಮಾತು ಬಂದರೆ ಮಾತ್ರ ಒಬ್ಬೊಬ್ಬರೇ ಎದ್ದುಹೋಗುತ್ತಾರೆ. ಮೈದಾನಕ್ಕೆ ಈಗ ಹಳದಿ ಗೆರೆ ಎಳೆದು ಕಾರುಗಳ ಸಾಲು ಗುರುತು ಮಾಡಿದ್ದಾರೆ.

ರಜೆಯಲ್ಲಿ ಒಂದು ದಿನ ಬೆಳಿಗ್ಗೆ ಆ ಹುಡುಗಿಯ ಮನೆಗೆ ಹೋದೆ. ಗವಿಪುರದಲ್ಲಿ, ಗುಡಿಯಿಂದ ಮೇಲಕ್ಕೆ ಹತ್ತುವ ಸಂದಿಯಲ್ಲಿ, ಮೊದಲ ಮಹಡಿಯ ಒಂದು ಕೋಣೆ. ಅವಳನ್ನು ಕೆಳಗಿಳಿಸಿ ಹತ್ತಿಸಲು ಇಬ್ಬರು ಬೇಕು ಎಂದು ತಾಯಿ ಹೇಳಿದರು. ತಾಯಿ ಚಾಮರಾಜಪೇಟೆಯ ಪ್ರೆಸ್ಸೊಂದರ ಬೈಂಡಿಂಗ್ ವಿಭಾಗದಲ್ಲಿ ಹಾಳೆ ಮಡಿಸುವ ಕೆಲಸದಲ್ಲಿದ್ದಾರೆ. ದೂರಿಲ್ಲ ಎಂದು ಯಾಕೆ ಬರೆದುಕೊಟ್ಟಿರಿ ಎಂದು ನಾನು ಕೇಳಲಿಲ್ಲ, ಅವರೇ ಹೇಳಿದರು.

"ಹಾಜರಾತಿ ಕಮ್ಮಿ ಆಗಿದೆ, ವರ್ಷ ಹೋಗುತ್ತೆ, ಬರ್ಕೊಟ್ರೆ ನಾವು ನೋಡ್ಕೋತೀವಿ ಅಂದ್ರು ಮೇಡಂ. ತಪ್ಪು ಇವಳದೇ ಅಂತ ನಿಮ್ಮ ಶಾಲೆ ಟೀಚರೇ ಬರೆದವ್ರೆ ಅಂದ್ರು. ನಾನು ದಿನಾ ಸಾವಿರಾರು ಹಾಳೆ ಮಡಿಸ್ತೀನಿ, ಒಂದೂ ಓದಲ್ಲ. ಅದನ್ನೂ ಓದಲಿಲ್ಲ."

ಹುಡುಗಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮೊಹರು ಬಿದ್ದ ಪ್ರತಿಯನ್ನು ಅವಳಿಗೆ ಕೊಟ್ಟೆ. ನಾಲ್ಕು ಪುಟವನ್ನೂ ಓದಿದಳು. ಚಿತ್ರ ಬರೆದಿದ್ದ ಪುಟವನ್ನು ಎರಡು ಸಲ ನೋಡಿದಳು. ಎಡಗೈ ಮೇಲೆತ್ತಿ, ಗಾಳಿಯಲ್ಲಿ ಏನನ್ನೋ ಹಿಡಿದು, ಓರೆಯಾಗಿ ಇಳಿಸಿದಳು.

"ಮೂರೂವರೆ ಕೆಜಿನಾ ಮಿಸ್?"

"ಹೌದು. ಅರ್ಧ ಬಿಂದಿಗೆ ನೀರಿನಷ್ಟೂ ಇಲ್ಲ."

"ಹಾಗಾದ್ರೆ ಅದು ನನ್ನಿಂದ ಅಲ್ಲ."

"ಅಲ್ಲ ಕಂದ."

ಅವಳು ಅಳುತ್ತಾಳೆ ಅಂದುಕೊಂಡೆ, ಅಥವಾ ನಗುತ್ತಾಳೆ. ಎರಡೂ ಇಲ್ಲ.

"ಅಸೆಂಬ್ಲೀಲಿ ಓದಿದ್ದು ನೀವು ಬರೆದಿದ್ದಂತೆ. ಫ್ರೆಂಡ್ಸ್ ಹೇಳಿದ್ರು."

"ನಾನೇ ಬರೆದಿದ್ದು."

"ಆವಾಗ ಅಳತೆ ಮಾಡಿರ್ಲಿಲ್ವಾ?"

"ಇಲ್ಲ."

ಅವಳು ಹಾಳೆಗಳನ್ನು ಜೋಡಿಸಿ ತಾಯಿಯ ಕೈಗೆ ಕೊಟ್ಟಳು. ತಾಯಿ ಅಂಚು ಸರಿಮಾಡಿ, ನಡುವಿಗೆ ಮಡಿಸಿ, ಮಡಿಕೆಯ ಮೇಲೆ ಉಗುರಿನಿಂದ ಒಂದು ಸಲ ಎಳೆದು ನನಗೇ ವಾಪಸ್ ಕೊಟ್ಟರು.

"ಇದು ಮನೇಲಿದ್ರೆ ಯಾರಾದ್ರೂ ಏನಾದ್ರೂ ಕೇಳ್ತಾರೆ. ಇವಳು ಇನ್ನೊಂದು ವರ್ಷ ಅಲ್ಲೇ ಓದ್ಬೇಕಲ್ಲ ಮೇಡಂ," ಅಂದರು. "ಕಾಫಿ ಕುಡ್ಕೊಂಡು ಹೋಗಿ."

ಕಾಫಿ ಕುಡಿದೆ. ಮಡಿಸಿದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದೆ.